ತಂತಿಯಿಲ್ಲದ ಗಂಟೆ

ಮದ್ದೂರಿನಲ್ಲಿ ನಮ್ಮ ಮನೆ ರಸ್ತೆಯ ಈಚೆ, ನಾನು ಪಾಠ ಹೇಳುತ್ತಿದ್ದ ಪ್ರೈಮರಿ ಶಾಲೆ ಆಚೆ. ನಡುವೆ ಎಂಬತ್ತು ಹೆಜ್ಜೆ. ಎಪ್ಪತ್ತರ ದಶಕದಲ್ಲಿ ಆ ಎಂಬತ್ತು ಹೆಜ್ಜೆಯನ್ನು ಎಷ್ಟು ಸಲ ಓಡಿದ್ದೇನೋ, ಈಗ ನೆನೆದರೂ ಮಂಡಿ ನೋಯುತ್ತದೆ.

ಅತ್ತೆಗೆ ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿದ್ದವು. ಕಿರುಗಾವಲಿನ ಕಡೆಯ ಬೇಸಾಯದ ಮನೆಯ ಹೆಣ್ಣು, ಮಾತು ಒರಟು. ಬೆಳಿಗ್ಗೆ ಹತ್ತಕ್ಕೆ ಅವರನ್ನು ಮಂಚದ ಮೇಲೆ ಬಿಟ್ಟು ಹೋದರೆ ನಾನು ತಿರುಗಿ ಬರುವುದು ಮಧ್ಯಾಹ್ನ ಒಂದಕ್ಕೆ. ಅಷ್ಟರಲ್ಲಿ ಬಿದ್ದುಬಿಟ್ಟರೆ? ಉಗುಳು ನೆತ್ತಿಗೇರಿ ಉಸಿರು ಕಟ್ಟಿದರೆ? ಜೊತೆಗೆ ಯಾರನ್ನಾದರೂ ಕೂರಿಸೋಣವೆಂದರೆ ಅಕ್ಕಪಕ್ಕದವರೆಲ್ಲ ಹೊತ್ತಾರೆಯೇ ಗದ್ದೆಗೆ ಹೋಗುವವರು.

ನನ್ನ ಗಂಡನಿಗೆ ಪೇಟೆಬೀದಿಯಲ್ಲಿ ರೇಡಿಯೊ ರಿಪೇರಿಯ ಅಂಗಡಿ. ಮೊದಲು ಅವರು ಮಂಚದಿಂದ ಶಾಲೆಯವರೆಗೆ ತಂತಿ ಎಳೆದು ಕರೆಗಂಟೆ ಹಾಕಿದರು. ಮೂರನೆಯ ದಿನ ಸಕ್ಕರೆ ಕಾರ್ಖಾನೆಗೆ ಹೊರಟ ಗಾಡಿಯೊಂದು ತನ್ನ ಕಬ್ಬಿನ ಹೊರೆಯ ಜೊತೆ ನಮ್ಮ ತಂತಿಯನ್ನೂ ಎಳೆದುಕೊಂಡು ಹೋಯಿತು. ಇನ್ನೂ ಎತ್ತರಕ್ಕೆ ಕಟ್ಟಿದರು, ಅದನ್ನು ಲಾರಿ ಕಿತ್ತಿತು. "ತಂತೀನೇ ಬ್ಯಾಡ ಬುಡು, ಗಾಳೀಲೇ ಕಳುಸ್ತೀನಿ" ಎಂದು ಇವರು ಹಟಕ್ಕೆ ಬಿದ್ದರು.

ಒಂದು ತಿಂಗಳು ಕೂತು ಎರಡು ಪೆಟ್ಟಿಗೆ ಮಾಡಿದರು. ಸೋಪಿನ ಡಬ್ಬಿಯಷ್ಟಿದ್ದ ಒಂದು ಅತ್ತೆಯ ಎಡಗೈಗೆ. ಅದಕ್ಕೊಂದು ಗುಂಡಿ, ಒಳಗೆ ಸೆಲ್ಲು. ಇನ್ನೊಂದು ನನ್ನ ತರಗತಿಯ ಮೇಜಿನ ಮೇಲೆ, ಹಳೆಯ ಟ್ರಾನ್ಸಿಸ್ಟರಿನ ಹೊಟ್ಟೆಯಲ್ಲಿ ಗಂಟೆ ಕೂರಿಸಿದ್ದು. ಅತ್ತೆ ಗುಂಡಿ ಒತ್ತಿದರೆ ಇಲ್ಲಿ ಗಂಟೆ ಬಡಿಯುತ್ತಿತ್ತು. ರೇಡಿಯೊ ಇಟ್ಟುಕೊಳ್ಳುವುದಕ್ಕೇ ಅಂಚೆ ಕಚೇರಿಯಲ್ಲಿ ಲೈಸೆನ್ಸು ಮಾಡಿಸಬೇಕಿದ್ದ ಕಾಲ. ಇದಕ್ಕೆ ಯಾವ ಲೈಸೆನ್ಸೋ, ಕೇಳುವುದಕ್ಕೂ ನಾವು ಹೋಗಲಿಲ್ಲ.

ಮೊದಲ ವಾರವೇ ಗಂಟೆ ಬಡಿಯಿತು. ಮಗ್ಗಿ ಹೇಳುತ್ತಿದ್ದ ಮಕ್ಕಳನ್ನು ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಓಡಿದೆ. ಅತ್ತೆ ಕಣ್ಣರಳಿಸಿ ನೋಡಿದರು. "ನಾನೆಲ್ಲವ್ವ ಒತ್ದೆ? ಒತ್ನಿಲ್ಲ" ಎಂದರು. ಮಾರನೆಯ ದಿನವೂ ಅದೇ ಕಥೆ. ಮೂರನೆಯ ಸಲ ಬಡಿದಾಗ ನಾನು ಕರಿಹಲಗೆಯ ಮೇಲಿನ ಲೆಕ್ಕವನ್ನು ಮುಗಿಸಿ, ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡು, ನಿಧಾನಕ್ಕೆ ಹೋದೆ.

ಅವತ್ತು ಅತ್ತೆ, "ನಾನೇ ಕರ್ದೆ ಕಣವ್ವ, ವಸಿ ನೀರು ಕೊಡು" ಎಂದರು.

ಅಲ್ಲಿಂದ ಶುರುವಾಯಿತು. ದಿನಕ್ಕೆ ಮೂರು ಸಲ, ನಾಲ್ಕು ಸಲ. ಒಮ್ಮೆ ನೀರು, ಒಮ್ಮೆ ಮಗ್ಗುಲು ತಿರುಗಿಸು, ಒಮ್ಮೆ ಕಿಟಕಿ ಮುಚ್ಚು, ಮತ್ತೊಮ್ಮೆ ಅದೇ ಕಿಟಕಿ ತೆಗೆ. ಗಂಟೆ ಬಡಿದರೆ ಮಕ್ಕಳು ಮುಸಿಮುಸಿ ನಗುತ್ತಿದ್ದವು. ಪಕ್ಕದ ತರಗತಿಯ ಟೀಚರು, "ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ನಿಮ್ಮನೇಲಿ ಎರಡೂ ಕಾಲ ಅತ್ತೇದೇ" ಎಂದು ಚುಚ್ಚುತ್ತಿದ್ದರು. ನನಗೆ ನಗುವ ಶಕ್ತಿಯೂ ಇರಲಿಲ್ಲ. ಈ ಮುದುಕಿ ಬೇಕೆಂದೇ ನನ್ನನ್ನು ಗಾಣದೆತ್ತು ಮಾಡಿದ್ದಾಳೆ ಎಂದು ನಾನು ನಂಬಿದ್ದೆ. ಬಾಯಿಬಿಟ್ಟು ಬೈದೂ ಇದ್ದೆ. "ನೀರು ಕುಡಿಯೋಕೂ ಹೊತ್ತು ಗೊತ್ತು ಇಲ್ವಾ ಅತ್ತೆಮ್ಮ?" ಎಂದರೆ ಅವರು ಗೋಡೆಯ ಕಡೆ ಮುಖ ಮಾಡುತ್ತಿದ್ದರು.

ಒಂದು ಅನುಮಾನ ಬರದೇ ಇರಲಿಲ್ಲ. ಶಾಲೆಯ ಗೋಡೆಗೆ ಅಂಟಿಕೊಂಡು ರಾಗಿ ಬೀಸುವ ಮಿಲ್ಲಿತ್ತು. ಹೋದ ಕರೆಂಟು ಬಂದು ಅದರ ಮೋಟಾರು ಗುರ್ ಎಂದಾಗಲೇ ನಮ್ಮ ಗಂಟೆಯೂ ಬಡಿದಂತೆ ನನಗೆ ಒಂದೆರಡು ಸಲ ಅನ್ನಿಸಿತು. ಗಂಡನಿಗೆ ಹೇಳಿದೆ. ಮೋಟಾರಿನ ಕಿಡಿಗೆ ರೇಡಿಯೊ ಕೂಡ ಕರಕರ ಅನ್ನುತ್ತದೆ, ಇದ್ದರೂ ಇರಬಹುದು ಎಂದು ಒಪ್ಪಿದವರು, "ಆದ್ರೆ ಅವ್ವ ನಾನೇ ಒತ್ದೆ ಅಂತದಲ್ಲಮ್ಮಿ" ಎಂದು ಎದೆಯುಬ್ಬಿಸಿದರು. ತಾವು ಮಾಡಿದ ಯಂತ್ರಕ್ಕೆ ತಾಯಿಯೇ ಸಾಕ್ಷಿ.

ಬಡಿದು ಬಡಿದು ಶಾಲೆಯ ಪೆಟ್ಟಿಗೆಯ ಸೆಲ್ಲು ಬೇಗ ಸೋಲುತ್ತಿತ್ತು, ಅದನ್ನು ತಪ್ಪದೆ ಬದಲಿಸುತ್ತಿದ್ದೆವು. ಅತ್ತೆಯ ಕೈಯಲ್ಲಿದ್ದ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಿ ನೋಡಲಿಲ್ಲ. ದಿನಕ್ಕೆ ನಾಲ್ಕು ಸಲ ಕರೆಯುವ ಪೆಟ್ಟಿಗೆ ಕೆಟ್ಟಿದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಒಂದು ದಿನ ಲೈನಿನ ಕೆಲಸವೆಂದು ಬೆಳಿಗ್ಗೆಯಿಂದ ಕರೆಂಟು ತೆಗೆದಿದ್ದರು. ಮಿಲ್ಲು ನಿಂತಿತ್ತು. ಗಂಟೆ ಒಂದು ಸಲವೂ ಬಡಿಯಲಿಲ್ಲ. ಎಷ್ಟೋ ತಿಂಗಳ ಮೇಲೆ ಭಾಗಾಕಾರವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳಿಕೊಟ್ಟೆ. ಅತ್ತೆಗೆ ಇವತ್ತಾದರೂ ಬುದ್ಧಿ ಬಂತಲ್ಲ ಎಂದುಕೊಂಡು, ಒಂದು ಗಂಟೆಗೆ ಆರಾಮಾಗಿ ಮನೆಗೆ ಹೋದೆ.

ಅತ್ತೆ ನೆಲದ ಮೇಲೆ ಬಿದ್ದಿದ್ದರು. ನಾನು ಹೋದ ಸ್ವಲ್ಪ ಹೊತ್ತಿಗೇ ಮಂಚದಿಂದ ಜಾರಿದ್ದರಂತೆ. ಸೀರೆ ಒದ್ದೆಯಾಗಿತ್ತು, ತುಟಿ ಒಣಗಿತ್ತು, ಎಡಗೈಯ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

"ಒತ್ದೆ ಕಣವ್ವ. ಒತ್ತೀ ಒತ್ತೀ ಬೆಟ್ಟು ಸೋತೋಯ್ತು" ಎಂದರು.

ಇವರು ಬಂದು ಪೆಟ್ಟಿಗೆ ಬಿಚ್ಚಿದರು. ಸೆಲ್ಲು ಸೋರಿ, ತಾಮ್ರದ ಪಟ್ಟಿಗೆ ಹಸಿರು ಕಿಲುಬು ಹಿಡಿದಿತ್ತು. ಇದು ಸತ್ತು ತಿಂಗಳುಗಳೇ ಆಗಿವೆ ಎಂದು ಹೇಳಿ ತಲೆ ತಗ್ಗಿಸಿ ಕೂತರು. ಅಷ್ಟು ತಿಂಗಳು ನನ್ನನ್ನು ಓಡಿಸಿದ್ದು ಮಿಲ್ಲಿನ ಮೋಟಾರು.

"ಮತ್ತೆ ನೆನ್ನೇನೂ ನಾನೇ ಕರ್ದೆ ಅಂದ್ರಲ್ಲ ಅತ್ತೆಮ್ಮ? ಯಾಕ್ ಸುಳ್ಳೇಳುದ್ರಿ?" ಎಂದೆ. ಸಿಟ್ಟೂ ಅಳುವೂ ಒಟ್ಟಿಗೇ ಬಂದಿದ್ದವು.

"ಮೊದ್ಲು ಎಲ್ಡು ಸಲ ನಿಜ ಏಳ್ದೆ. ಮೂರ್ನೇ ಸಲ ನೀನು ತಡ ಮಾಡ್ಕ ಬಂದೆ" ಎಂದರು ಅತ್ತೆ. "ಮಿಲ್ಲು ಗುರ್ ಅಂದದ್ದು ನಂಗೂ ಕೇಳ್ತಿತ್ತು ಕಣವ್ವ. ಇದು ಸುಳ್ಳು ಗಂಟೆ ಅಂತ ನಿಂಗೆ ಗೊತ್ತಾಗ್ಬುಟ್ರೆ, ನಾನು ನಿಜ್ವಾಗ್ಲೂ ಒತ್ದಾಗ ಓಡ್ಬತ್ತಿದ್ಯಾ? ಅದ್ಕೇ ನಾನೇ ಅಂತಿದ್ದೆ. ನೀ ಬೈದ್ರೆ ಬೈಸ್ಕಬೋದು. ಬರ್ದೇ ಇದ್ರೆ ಏನ್ಮಾಡ್ಲಿ?"

ನನಗೆ ನಾಚಿಕೆಯಾಯಿತು. ಮಕ್ಕಳಿಗೆ ಪಾಠ ಹೇಳುವವಳು ನಾನು. ಓದು ಬರಹ ಇಲ್ಲದ ಅವರು ನನ್ನನ್ನು ಮೂರೇ ದಿನಕ್ಕೆ ಓದಿಬಿಟ್ಟಿದ್ದರು.

ಇವರು ಹೊಸ ಸೆಲ್ಲು ಹಾಕಿದರು. ಮಿಲ್ಲಿನವರನ್ನು ಒಪ್ಪಿಸಿ ಅವರ ಮೋಟಾರಿಗೆ ಕಿಡಿ ತಡೆಯುವ ಕಂಡೆನ್ಸರನ್ನೂ ಕಟ್ಟಿ ಬಂದರು. ದಿನಾ ಬೆಳಿಗ್ಗೆ ನಾನು ಒತ್ತಿಸಿ ನೋಡಿಯೇ ಶಾಲೆ ಶುರು ಮಾಡುತ್ತಿದ್ದೆ, ಸರಿಯಾಗಿ ಬಡಿಯುತ್ತಿತ್ತು. ಆಮೇಲೆ ದಿನವೆಲ್ಲ ಬಡಿಯುತ್ತಿರಲಿಲ್ಲ. ಒಂದು ವಾರ ಹೀಗೇ ಹೋಯಿತು. ಒಂದು ಗಂಟೆಗೆ ಹೋದರೆ ಅತ್ತೆ ನಾನು ಮಲಗಿಸಿದ ಮಗ್ಗುಲಲ್ಲೇ ಇರುತ್ತಿದ್ದರು, ಕೆಳಗಿನ ತೋಳು ಕೆಂಪಗೆ ಅಚ್ಚೊತ್ತಿರುತ್ತಿತ್ತು.

"ಒತ್ಬಾರ್ದಾ ಅತ್ತೆಮ್ಮ?"

"ಬಿದ್ರೆ ಒತ್ತೀನಿ ಬುಡು. ನೀರ್ಗೆ, ಮಗ್ಗುಲ್ಗೆ ಎಲ್ಲಾ ಪಾಠ ಬುಡ್ಸಿ ಕರಿಯಕಾಯ್ತದಾ?"

ಅವತ್ತು ಸಂಜೆ ಗಂಡನಿಗೆ, ಮಿಲ್ಲಿಗೆ ಕಟ್ಟಿದ್ದನ್ನು ಬಿಚ್ಚಿಕೊಂಡು ಬನ್ನಿ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. "ರಿಪೇರಿ ಮಾಡು ಅಂತ ಬರೋರ್ನ ಕಂಡಿವ್ನಿ, ಕೆಡ್ಸು ಅನ್ನೋಳು ನೀನೊಬ್ಳೇ ಕಣಮ್ಮಿ" ಎಂದರು. ಆದರೂ ಹೋಗಿ ಬಿಚ್ಚಿ ಬಂದರು.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಕರೆಂಟು ಬಂತು, ಮಿಲ್ಲು ಗುರ್ ಎಂದಿತು, ಗಂಟೆ ಬಡಿಯಿತು. ಮಕ್ಕಳು ನಕ್ಕವು. ನಾನು ಮಂಡಿ ಹಿಡಿದುಕೊಂಡು ಎದ್ದೆ, ಮಿಲ್ಲಿನವರಿಗೂ ನನ್ನ ಹಣೆಬರಹಕ್ಕೂ ಶಾಪ ಹಾಕುತ್ತ ರಸ್ತೆ ದಾಟಿದೆ. ಬಾಗಿಲಲ್ಲಿ ನನ್ನನ್ನು ಕಂಡ ಅತ್ತೆ, ಗುಂಡಿಯಿಂದ ಗೇಣು ದೂರದಲ್ಲಿದ್ದ ಕೈಯನ್ನು ಎತ್ತಲೂ ಇಲ್ಲ.

"ನಾನೇ ಕರ್ದೆ ಕಣವ್ವ" ಎಂದರು.

"ಗೊತ್ತು ಅತ್ತೆಮ್ಮ" ಎಂದು ಮಗ್ಗುಲು ತಿರುಗಿಸಿದೆ.