ಕೋಟೆ ಬಾಗಿಲು ತೆರೆದವರು ಯಾರು

ನನ್ನ ಗಂಡ ತಮ್ಮನ ಮದುವೆಗೆಂದು ಬೆಂಗಳೂರಿಗೆ ಹೋದವರು, ವಿಮಾನಗಳೆಲ್ಲ ನಿಂತುಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಅದು ೨೦೨೦. ನಾನು ಮತ್ತು ಮಗಳು ಸ್ಯಾನ್ ಡಿಯೇಗೋದಿಂದ ಎರಡು ಗಂಟೆ ದೂರದ ಬಂದರಿನ ಊರು ಸ್ಯಾನ್ ಪೀಡ್ರೊದ ಗುಡ್ಡದ ಮೇಲೆ, ಒಂದು ಹಳೆಯ ಮನೆಯ ಹಿತ್ತಲಿನ ಪುಟ್ಟ ಬಾಡಿಗೆ ಮನೆಯಲ್ಲಿದ್ದೆವು. ಎಲ್ ಸೆಗುಂಡೋದ ನನ್ನ ಆಫೀಸು ಅಡುಗೆಮನೆಯ ಮೇಜಿನ ಮೇಲೆ ಬಂದು ಕೂತಿತ್ತು. ಮಗಳ ಆರನೇ ಕ್ಲಾಸು ಮಂಚದ ಮೇಲೆ ನಡೆಯುತ್ತಿತ್ತು.

ಮುಂದಿನ ದೊಡ್ಡ ಮನೆಯಲ್ಲಿ ಮಾಲೀಕರು ಒಬ್ಬರೇ ಇದ್ದರು. ಎಪ್ಪತ್ತು ದಾಟಿದವರು, ಹೆಂಡತಿ ತೀರಿಕೊಂಡಿದ್ದರು, ಬಂದರಿನ ಒಂದು ಹಡಗು ಕಂಪನಿಯಲ್ಲಿ ದುಡಿದು ನಿವೃತ್ತರಾಗಿದ್ದರು. ಸಂಜೆ ನಿಂಬೆ ಗಿಡದ ಪಕ್ಕ ಕುರ್ಚಿ ಹಾಕಿಕೊಂಡು ಕೂರುವರು. ನಾವು ಮಾಸ್ಕ್ ಹಾಕಿಕೊಂಡು ನಮ್ಮ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಅವರದು ರಾಜಸ್ಥಾನ. ಮರುಭೂಮಿಯ ಅಂಚಿನ ಒಂದು ಕೋಟೆ ಊರು. ನಮ್ಮ ಮಾತೆಲ್ಲ ಹಿಂದಿಯಲ್ಲಿ ನಡೆಯುತ್ತಿತ್ತು. ಇಲ್ಲಿ ನನ್ನ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಒಂದು ದಿನ ಮಾತಿನ ನಡುವೆ, "ನಮ್ಮ ತಂದೆ ಅಲ್ಲಿನ ರಾಜರು. ಸಣ್ಣ ಸಂಸ್ಥಾನ. ದೇಶಕ್ಕೆ ಸೇರಿಸಿಕೊಂಡಾಗ ನಾನು ಮಗು," ಅಂದರು. ನಮ್ಮಪ್ಪನದು ದಿನಸಿ ಅಂಗಡಿ ಇತ್ತು ಎನ್ನುವಷ್ಟೇ ಸಲೀಸಾಗಿ ಅಂದರು. ನಾನು ತಕ್ಷಣ ಕಾಲ ಮೇಲೆ ಹಾಕಿಕೊಂಡಿದ್ದ ಕಾಲನ್ನು ಇಳಿಸಿದೆ. ಯಾಕೆ ಇಳಿಸಿದೆನೋ ಗೊತ್ತಿಲ್ಲ. ಅದನ್ನು ಕಂಡು ಅವರು ನಕ್ಕರು.

ಆ ತಿಂಗಳೇ ಮಗಳಿಗೆ ಸ್ಕೂಲಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ಯಾವುದಾದರೂ ಊರಿನ ಚರಿತ್ರೆಯನ್ನು ಆ ಊರಿನವರಿಂದಲೇ ಕೇಳಿ ಬರೆಯಬೇಕು. "ನಮ್ಮ ಚಾಮರಾಜಪೇಟೆ ಬಗ್ಗೆ ಬರಿ, ನಾನು ಹೇಳ್ತೀನಿ," ಅಂದೆ. "ನೋ ಅಮ್ಮ, ಅಂಕಲ್ಸ್ ಫೋರ್ಟ್ ಈಸ್ ಬೆಟರ್," ಅಂದಳು.

ಅಂಕಲ್ ಶುರುಮಾಡಿದರು. ದೊಡ್ಡ ರಾಜ್ಯವೊಂದರ ಕಿರಿಯ ರಾಜಕುಮಾರ ಅಣ್ಣನೊಂದಿಗೆ ಜಗಳವಾಡಿ ಹೊರಟ. ದಾರಿಯಲ್ಲೊಂದು ಬೋಳುಗುಡ್ಡ. ಅಲ್ಲಿ ಆಗತಾನೆ ಮರಿ ಹಾಕಿದ ಕುರಿಯೊಂದು ತೋಳವನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು. ಕುರಿಗೇ ಇಷ್ಟು ಧೈರ್ಯ ಕೊಡುವ ನೆಲ ಎಂದು ಅಲ್ಲೇ ಕೋಟೆ ಕಟ್ಟಿದ.

"ನಮ್ಮ ಹಂಪಿಯಲ್ಲೂ ಮೊಲ ಬೇಟೆನಾಯಿಗಳನ್ನ ಅಟ್ಟಿಸಿತ್ತಂತೆ ಅಂಕಲ್," ಅಂದೆ.

"ಎಲ್ಲ ಕೋಟೆಗೂ ಒಂದು ಪ್ರಾಣಿ ಇರ್ತದೆ ಬೇಟಾ. ಇಲ್ಲಿ ನೀರಿತ್ತು, ಅದಕ್ಕೇ ಕಟ್ಟಿದೆ ಅಂತ ಯಾವ ರಾಜ ಹೇಳ್ತಾನೆ?" ಅಂದರು.

ಇಂಥ ಮನುಷ್ಯ ಮುತ್ತಿಗೆಯ ಕಥೆಗೆ ಬಂದಾಗ ಮಾತ್ರ ಬೇರೆಯೇ ಆದರು. ಬೆನ್ನು ನೆಟ್ಟಗಾಯಿತು. ಉತ್ತರದ ದೊಡ್ಡ ಸೈನ್ಯ ಬಂದು ಕೋಟೆಯ ಸುತ್ತ ಬಿಡಾರ ಹೂಡಿತು. ಒಳಗೆ ಕಾಳು ಇತ್ತು, ಕೊಳದಲ್ಲಿ ನೀರೂ ಇತ್ತು. ಇನ್ನಷ್ಟು ಕಾಲ ತಡೆಯಬಹುದಿತ್ತು. ಒಂದು ಬೆಳಗಿನ ಜಾವ ಹೆಬ್ಬಾಗಿಲು ಒಳಗಿನಿಂದಲೇ ತೆರೆಯಿತು. ಗಂಡಸರು ಕೇಸರಿ ಉಟ್ಟು ಕತ್ತಿ ಹಿಡಿದು ಸತ್ತರು. ಹೆಂಗಸರಲ್ಲಿ ಬಹಳ ಮಂದಿ ಬೆಂಕಿಗೆ ಹಾರಿದರು.

"ಹೂ ಓಪನ್ಡ್ ಇಟ್?" ಮಗಳು ಕೇಳಿದಳು.

"ಚಿಕ್ಕರಾಣಿಯ ತಮ್ಮ," ಅಂಕಲ್ ಒಂದು ಕ್ಷಣವೂ ತಡೆಯದೆ ಹೇಳಿದರು. "ಅಕ್ಕನ ಮಗನಿಗೆ ಪಟ್ಟ ಕಟ್ಟಿಸ್ತೀವಿ ಅಂತ ಶತ್ರುಗಳು ಆಸೆ ತೋರಿಸಿದ್ರು. ಇದರಲ್ಲಿ ಅನುಮಾನವೇ ಇಲ್ಲ."

ಆಮೇಲೆ ಅವರು ವಿವರಿಸಿದ ಏರ್ಪಾಟು ನನಗೆ ಅರ್ಥವಾಗಲು ಎರಡು ಮೂರು ಸಂಜೆ ಬೇಕಾಯಿತು. ಕೋಟೆಯೊಳಗೆ ಎರಡು ಮಹಲು. ಯಾವ ಕಾಲದ ರಾಜನಾದರೂ ಸರಿ, ಹಿರಿಯ ರಾಣಿ ದೊಡ್ಡ ಮಹಲಿಗೆ, ಕಿರಿಯ ರಾಣಿ ಚಿಕ್ಕ ಮಹಲಿಗೆ. ಬೇರೆ ಬೇರೆ ಊರಿನಿಂದ ಮದುವೆಯಾಗಿ ಬಂದ ಹುಡುಗಿಯರಿಗೆ ಆಯಾ ಮಹಲಿನ ವಿಧವೆಯರು, ದಾಸಿಯರು ತಮ್ಮ ಕಡೆಯ ಕಥೆ ಕಲಿಸುತ್ತಿದ್ದರು. ಅಂಕಲ್ ದೊಡ್ಡ ಮಹಲಿನಲ್ಲಿ ಹುಟ್ಟಿದವರು. ಅದೇ ತಂದೆಗೆ ಚಿಕ್ಕ ಮಹಲಿನಲ್ಲಿ ಹುಟ್ಟಿದ ತಂಗಿಯೊಬ್ಬರು ಸ್ಯಾನ್ ಡಿಯೇಗೋದಲ್ಲಿ ಮಗನ ಮನೆಯಲ್ಲಿದ್ದರು. ಮಗನಿಗೆ ಅಲ್ಲೇ ಸೊರೆಂಟೊ ವ್ಯಾಲಿಯಲ್ಲಿ ಕೆಲಸ.

"ಆ ಕಾಲದ ರಾಣಿಯರಿಗೂ ನಿಮ್ಮ ತಾಯಂದಿರಿಗೂ ರಕ್ತಸಂಬಂಧವೇ ಇಲ್ಲವಲ್ಲ ಅಂಕಲ್?"

"ಇಲ್ಲ. ಮಹಲಿನ ಸಂಬಂಧ."

ಅದೆಂಥ ಸಂಬಂಧವೋ! ನಾನು ತಲೆಯಾಡಿಸಿದೆ.

ತಂಗಿಯ ನಂಬರನ್ನು ಅವರೇ ಮಗಳಿಗೆ ಕೊಟ್ಟರು. "ಅಡುಗೆ, ಹಾಡು, ಉಯ್ಯಾಲೆ, ಏನು ಬೇಕಾದ್ರೂ ಕೇಳು. ಬಾಗಿಲಿನ ವಿಷಯ ಮಾತ್ರ ಎತ್ತಬೇಡ," ಅಂದರು. ಹನ್ನೊಂದು ವರ್ಷದ ಮಗುವಿಗೆ ಹಾಗೆ ಹೇಳಿದರೆ ಏನಾಗುತ್ತದೆ? ವಿಡಿಯೋ ಕಾಲ್‌ನಲ್ಲಿ ಅವಳು ಕೇಳಿದ ಎರಡನೆಯ ಪ್ರಶ್ನೆಯೇ ಅದು.

ಪರದೆಯಲ್ಲಿ ತಲೆಯ ಮೇಲೆ ಸೆರಗು ಹೊದ್ದಿದ್ದ ಆಂಟಿ ಕನ್ನಡಕ ಸರಿಮಾಡಿಕೊಂಡರು. ಆಮೇಲೆ, "ಭಾಯಿಸಾ, ಅಂದ್ರೆ ನಮ್ಮಣ್ಣ, ಚಿಕ್ಕರಾಣಿಯ ತಮ್ಮ ಅಂತ ಹೇಳಿದ್ರಾ? ಇನ್ನೂ ಅದನ್ನೇ ಹೇಳ್ತಿದ್ದಾರಾ? ಮಗು, ಬೀಗದಕೈ ಇದ್ದದ್ದು ದೊಡ್ಡರಾಣಿಯ ಸೊಂಟದಲ್ಲಿ. ಮಕ್ಕಳನ್ನಾದ್ರೂ ಉಳಿಸೋಣ ಅಂತ ಅವಳೇ ತೆರೆಸಿದಳು. ನನಗೆ ಇದು ಖಂಡಿತವಾಗಿ ಗೊತ್ತು," ಅಂದರು.

ಮಗಳು ಎರಡನ್ನೂ ಬರೆದಳು. ಬರೆದದ್ದನ್ನು ಅಂಕಲ್ ಮುಂದೆ ಓದಿದಳು. ಅವರು ಕುರ್ಚಿ ಮಡಚಿ ಒಳಗೆ ಹೋದರು. ಮರುದಿನ ಬರಲಿಲ್ಲ, ಅದರ ಮರುದಿನವೂ ಇಲ್ಲ. ನಾನು ಚಿತ್ರಾನ್ನ ಮಾಡಿ ಬಾಗಿಲ ಬಳಿ ಇಟ್ಟು ಬಂದೆ. ಡಬ್ಬಿ ತೊಳೆದು ವಾಪಸು ಬಂತು, ಮನುಷ್ಯ ಬರಲಿಲ್ಲ. ಕ್ಷಮೆ ಕೇಳೋಣವೆಂದರೆ ಯಾವುದಕ್ಕೆ ಎಂದು ತಿಳಿಯಲಿಲ್ಲ. ಫೋನಿನಲ್ಲಿ ಗಂಡನಿಗೆ ಹೇಳಿದೆ.

"ಯಾವ ಕಾಲದ ಬಾಗಿಲು?" ಅಂದರು ಅವರು.

"ನೂರಾರು ವರ್ಷ ಆಯ್ತಂತೆ."

"ಅದಕ್ಕೆ ಈಗ ಮಾತು ಬಿಡೋದಾ? ನೀನ್ಯಾಕೆ ಅವರ ಮನೆ ವಿಷಯಕ್ಕೆ ತಲೆ ಹಾಕ್ತೀಯ?"

ನಾನು ತಲೆ ಹಾಕಿರಲಿಲ್ಲ. ತಲೆ ತಾನಾಗಿ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಆಂಟಿ ನನಗೇ ಫೋನ್ ಮಾಡತೊಡಗಿದರು. ಅವರ ಪದ್ಧತಿಯಲ್ಲಿ ಅಣ್ಣನಿಗೆ ಭಾಯಿಸಾ, ತಂಗಿಗೆ ಬಾಯಿಸಾ. ನನ್ನ ಕಿವಿಗೆ ಎರಡೂ ಒಂದೇ. ನಾಲಿಗೆಗೂ ಒಂದೇ. "ಭಾಯಿಸಾನೇ ಫೋನ್ ಮಾಡಲಿ," ಎಂದು ಆಂಟಿ ಹೇಳಿ ಕಳಿಸಿದ್ದನ್ನು ನಾನು ಕಿಟಕಿಯಾಚೆಯಿಂದ, "ಅಂಕಲ್, ಬಾಯಿಸಾನೇ ಫೋನ್ ಮಾಡ್ತಾರಂತೆ," ಎಂದು ಮುಟ್ಟಿಸಿದೆ. ಅವರು ತಂಗಿಯ ಫೋನಿಗೆ ಕಾದರು. ಅಲ್ಲಿ ತಂಗಿ ಅಣ್ಣನ ಫೋನಿಗೆ ಕಾದರು. ಒಂದು ವಾರ ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದ್ದು ಒಂದೇ ಮಾತು: "ಎಷ್ಟು ಸೊಕ್ಕು ನೋಡು!"

ಎಡವಟ್ಟು ಎಲ್ಲಾಗಿದೆ ಎಂದು ಕಂಡುಹಿಡಿದವಳು ಮಗಳು. ಅವಳೇ ಎರಡೂ ಕಡೆ ತಿಳಿಸಿದಳು. ಆಂಟಿ ನಕ್ಕರಂತೆ. ಅಂಕಲ್ ಹೊರಗೆ ಬಂದು, "ಬೇಟಾ, ಇಷ್ಟು ದಿನ ನನ್ನನ್ನ ಹೆಣ್ಣು ಮಾಡಿಟ್ಟಿದ್ದೀಯಲ್ಲ," ಅಂದು ಕುರ್ಚಿ ಬಿಡಿಸಿ ಕೂತರು. ಫೋನ್ ಮಾತ್ರ ಇಬ್ಬರೂ ಮಾಡಲಿಲ್ಲ.

ಮರುವರ್ಷ ಲಸಿಕೆ ಬಂತು. ಗಂಡ ವಾಪಸು ಬಂದರು. ರಾಖಿ ಹತ್ತಿರವಾಗುತ್ತಿದ್ದ ಹಾಗೆ ಅಂಕಲ್ ನನ್ನನ್ನು ಕರೆದು, "ಫ್ರೀವೇ ಡ್ರೈವ್ ಮಾಡೋದನ್ನ ನಾನು ಬಿಟ್ಟಿದ್ದೀನಿ. ಸ್ಯಾನ್ ಡಿಯೇಗೋಗೆ ಕರ್ಕೊಂಡು ಹೋಗ್ತೀಯಾ?" ಎಂದು ಕೇಳಿದರು. ಮನೆಯ ವಿಷಯಕ್ಕೆ ತಲೆ ಹಾಕಬೇಡ ಎಂದಿದ್ದ ನನ್ನ ಗಂಡನೇ ಕಾರಿಗೆ ಗಾಳಿ ಹೊಡೆಸಿಕೊಂಡು ಬಂದರು. ಮಗಳು ಹಿಂದೆ ಕೂತಳು.

ದಾರಿಯಲ್ಲಿ ಅಂಕಲ್ ಸಮುದ್ರ ಕಾಣುವ ಕಡೆ ಕಾರು ನಿಲ್ಲಿಸಲು ಹೇಳಿ, ಚೀಲದಿಂದ ಉದ್ದನೆಯ ಕೇಸರಿ ಬಟ್ಟೆ ತೆಗೆದರು. ಒಂದು ತುದಿಯನ್ನು ಮಗಳ ಕೈಗೆ ಕೊಟ್ಟು, ಕಾರಿನ ಕನ್ನಡಿ ನೋಡಿಕೊಂಡು ಪೇಟ ಸುತ್ತಿಕೊಂಡರು. ಅಲ್ಲಿದ್ದ ಯಾರೋ ಫೋಟೋ ತೆಗೆಯಲೇ ಎಂದು ಕೇಳಿದರು. ಅವರು ಹೂಂ ಎಂದು ನೆಟ್ಟಗೆ ನಿಂತರು. ಫೋಟೋ ತೆಗೆದ ಮೇಲೂ ಪೇಟದ ತುದಿಯನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತಿದ್ದರು. ಹೆದರಿಕೆಯೋ ಸಂತೋಷವೋ ಎಂದು ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಆಂಟಿ ಬಾಗಿಲಲ್ಲೇ ಕಾಯುತ್ತಿದ್ದರು. "ಖಮ್ಮಾ ಘಣಿ," ಎಂದು ಬಗ್ಗಿದರು. ಅದು ಅವರ ಕಡೆಯ ನಮಸ್ಕಾರ. ಅಂಕಲ್ ಅವರ ತಲೆ ಮುಟ್ಟಿದರು. ರಾಖಿ ಕಟ್ಟಿದ್ದಾಯಿತು, ಊಟವಾಯಿತು, ಇಬ್ಬರಿಗೂ ಅವರೂರಿನ ಉಯ್ಯಾಲೆ ಹಬ್ಬದ ಹಾಡು ಒಂದೊಂದು ಸಾಲು ನೆನಪಾಯಿತು. ಎಲ್ಲ ಚೆನ್ನಾಗೇ ಹೋಗುತ್ತಿದೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅಂಕಲ್ ತಟ್ಟೆ ಸರಿಸಿದರು.

"ಬಾಯಿಸಾ, ಒಂದು ಮಾತು. ಇಷ್ಟು ವರ್ಷ ಹೇಳಿರಲಿಲ್ಲ. ನನ್ನ ಮಾತನ್ನ ನೀನು ನಂಬಬೇಡ. ಆದರೆ ಚಿಕ್ಕಮ್ಮನೇ ನನಗೆ ಹೇಳಿದ್ದರು."

ಚಿಕ್ಕಮ್ಮ ಎಂದರೆ ಆಂಟಿಯ ಸ್ವಂತ ತಾಯಿ.

"ನಮ್ಮಮ್ಮ ಏನು ಹೇಳಿದ್ದರು?"

"ನಾನು ಚಿಕ್ಕವನು. ಜ್ವರ ಬಂದಿತ್ತು. ನಿಮ್ಮ ಮಹಲಿನ ತಾರಸಿಯಲ್ಲಿ ನನ್ನನ್ನ ಮಡಿಲಲ್ಲಿ ಮಲಗಿಸಿಕೊಂಡಿದ್ರು. ಮಗೂ, ಆ ಬಾಗಿಲು ತೆರೆದವರು ನಮ್ಮ ಮಹಲಿನವರೇ, ನಿಮ್ಮ ಅಮ್ಮನ ಕಡೆಯವರದ್ದು ಏನೂ ತಪ್ಪಿಲ್ಲ, ಅಂದ್ರು. ಅವರ ಬಾಯಿಂದಲೇ ಕೇಳಿದ್ದೀನಿ."

ಆಂಟಿಯ ಮುಖ ಬಿಳಿಚಿತು. ಕೋಪ ಬಂತೇನೋ ಎಂದು ನಾನು ಗಂಡನ ಕಡೆ ನೋಡಿದೆ. ಅವರು ತಟ್ಟೆ ನೋಡುತ್ತಿದ್ದರು.

"ಸಾಧ್ಯವೇ ಇಲ್ಲ," ಅಂದರು ಆಂಟಿ. "ಯಾಕಂದ್ರೆ ದೊಡ್ಡಮ್ಮ ನನಗೆ ಹೇಳಿದ್ರು. ನಿಮ್ಮ ಅಮ್ಮ! ನನ್ನ ಜಡೆ ಹಾಕ್ತಾ ಹಾಕ್ತಾ ಹೇಳಿದ್ರು. ದಾಸಿಯರು ನಿನ್ನ ಅಮ್ಮನ ಮಹಲನ್ನ ಬೈದರೆ ಅಳಬೇಡ ಮಗಳೇ, ಬೀಗ ತೆರೆಸಿದ್ದು ನಮ್ಮ ಮಹಲಿನ ರಾಣಿಯೇ, ಅಂತ. ಅದಕ್ಕೇ ನಾನು ಇಷ್ಟು ಗಟ್ಟಿಯಾಗಿ ಹೇಳ್ತಿದ್ದದ್ದು."

"ನಮ್ಮಮ್ಮ ಹಾಗಂದ್ರಾ?"

"ನಮ್ಮಮ್ಮ ಹಾಗಂದ್ರಾ?"

ಇಬ್ಬರೂ ಒಂದೇ ಪ್ರಶ್ನೆ ಕೇಳಿಕೊಂಡು ಒಬ್ಬರನ್ನೊಬ್ಬರು ನೋಡುತ್ತ ಕೂತರು. ಇಷ್ಟು ವರ್ಷ ಇಬ್ಬರ ಹಟದ ಕೆಳಗೂ ಇದ್ದದ್ದು ಎದುರಿನವರ ತಾಯಿಯ ತಪ್ಪೊಪ್ಪಿಗೆ. ಎದುರಿನವರ ಮನಸ್ಸು ನೋಯದಿರಲಿ ಎಂದು ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಎರಡೂ ತಪ್ಪೊಪ್ಪಿಗೆ ನಿಜವಾಗಲು ಹೇಗೆ ಸಾಧ್ಯ?

"ಮೇ ಬಿ ಬೋತ್ ವರ್ ಲೈಯಿಂಗ್?" ಅಂದಳು ಮಗಳು ಮೆಲ್ಲಗೆ. ನಾನು ಅವಳ ತೊಡೆ ಚಿವುಟಿದೆ.

"ಸುಳ್ಳಲ್ಲ," ಅಂದರು ಅಂಕಲ್. ಸ್ವಲ್ಪ ತಡೆದು, "ಸುಳ್ಳೋ ಏನೋ," ಅಂದರು. ಆಮೇಲೆ ಪೇಟ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಅತ್ತರು. ಆಂಟಿ ಪಕ್ಕಕ್ಕೆ ಬಂದು ಕೂತು ಅವರ ಬೆನ್ನು ಸವರಿದರು. ನೋಡಬೇಕೋ ಎದ್ದು ಹೋಗಬೇಕೋ ಎಂದು ತಿಳಿಯದೆ ನಾನು ತಟ್ಟೆಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋದೆ. ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದೆ.

ವಾಪಸು ಬರುವಾಗ ನನ್ನ ತಲೆಯೊಳಗೆ ಆ ಇಬ್ಬರು ತಾಯಂದಿರೇ ಇದ್ದರು. ಸವತಿಯ ಮಗುವಿಗೆ ನೋವಾಗಬಾರದೆಂದು ತಮ್ಮ ಮಹಲಿನ ಮೇಲೇ ಕಳಂಕ ಎಳೆದುಕೊಂಡರೇ? ಅಥವಾ ಆಯಾ ಮಹಲಿನ ಒಳಗುಟ್ಟೇ ಅದಾಗಿತ್ತೇ, ಹೊರಗೆ ಒಂದು ಮಾತು, ಒಳಗೆ ಇನ್ನೊಂದು? ಸ್ವಂತ ಮಕ್ಕಳಿಗೆ ಯಾಕೆ ಹೇಳಲಿಲ್ಲ? ಗಂಡನನ್ನು ಕೇಳಿದರೆ, "ಗೊತ್ತಿಲ್ಲ ಕಣೇ, ನನಗೆ ಆ ಕುರಿ ಕಥೇನೇ ಇನ್ನೂ ಅರ್ಥ ಆಗಿಲ್ಲ," ಅಂದರು.

ಅಂಕಲ್ ಅದಾದ ಮೇಲೆ ಆಗಾಗ ಆ ಕಡೆ ಹೋಗತೊಡಗಿದರು. ಒಂದು ವರ್ಷ ಕಳೆದು ಸ್ಯಾನ್ ಪೀಡ್ರೊದ ಮನೆ ಮಾರಿ ತಂಗಿಯ ಮನೆಯ ಹತ್ತಿರದ ಅಪಾರ್ಟ್‌ಮೆಂಟಿಗೆ ಹೊರಟೇ ಹೋದರು. ನಾವೂ ಬೇರೆ ಮನೆ ನೋಡಿಕೊಂಡೆವು. ಈಗಲೂ ರಜೆಯಲ್ಲಿ ಹೋಗಿ ಬರುತ್ತೇವೆ. ಮಗಳು ಕಾಲೇಜಿಗೆ ಅಪ್ಲೈ ಮಾಡುವ ವಯಸ್ಸಿಗೆ ಬಂದಿದ್ದಾಳೆ. ಅಂಕಲ್‌ಗೆ ಈಚೆಗೆ ಮರೆವು ಹೆಚ್ಚು. ಬಾಗಿಲ ಮಾತು ಬಂದರೆ ಒಂದು ದಿನ ತಂಗಿಯ ಕಥೆ ಹೇಳುತ್ತಾರೆ, ಒಂದು ದಿನ ತಮ್ಮದು. ಒಮ್ಮೆ, ಮರಕ್ಕೆ ಹುಳ ಹಿಡಿದು ಬಾಗಿಲು ತಾನಾಗೇ ಬಿತ್ತು ಎಂದೂ ಹೇಳಿದರು.

ಹೋದ ತಿಂಗಳು ನಾವು ಹೋದಾಗ ಅವರು ಸೋಫಾದ ಮೇಲೆ ನಿದ್ದೆ ಮಾಡುತ್ತಿದ್ದರು. ಆಂಟಿ ಬಟಾಣಿ ಸುಲಿಯುತ್ತಿದ್ದರು. ನಾನೂ ಕೈ ಹಾಕಿದೆ.

"ನಿನಗೇನನ್ನಿಸುತ್ತೆ?" ಇದ್ದಕ್ಕಿದ್ದಂತೆ ಕೇಳಿದರು. "ಯಾರು ತೆರೆದಿರಬಹುದು?"

"ಗೊತ್ತಾಗ್ತಿಲ್ಲ ಆಂಟಿ."

"ನನಗೂ ಗೊತ್ತಾಗ್ತಿಲ್ಲ," ಅಂದರು. "ಆ ರಾಖಿ ದಿನದ ಮಧ್ಯಾಹ್ನದವರೆಗೆ ಗೊತ್ತಿತ್ತು."

ಅದನ್ನು ಬೇಸರದಿಂದ ಹೇಳಿದರೋ ನಿರಾಳವಾಗಿ ಹೇಳಿದರೋ, ದನಿಯಲ್ಲಿ ತಿಳಿಯಲಿಲ್ಲ. ಸೋಫಾದ ಮೇಲೆ ಅಂಕಲ್ ಮಗ್ಗುಲು ಬದಲಿಸಿದರು. ಆಂಟಿ ಎದ್ದು ಹೋಗಿ ಜಾರಿದ್ದ ಶಾಲನ್ನು ಅವರ ಮೇಲೆ ಎಳೆದು, ಬಂದು ಮತ್ತೆ ಬಟಾಣಿ ಸುಲಿಯತೊಡಗಿದರು.