ಹಡಗಿನ ನಾಣ್ಯದ ಹೊಳಪು

ದೊಡ್ಡ ಹೋಟೆಲೊಂದರ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಅವನು ಆಯುಸ್ಸಿನ ಬಹುಪಾಲು ಬೆಳ್ಳಿಯ ತಟ್ಟೆ, ಚಮಚ, ಹೂಜಿಗಳನ್ನು ಉಜ್ಜಿದ. ಅವನು ಉಜ್ಜಿಟ್ಟ ತಟ್ಟೆಯಲ್ಲಿ ಮುಖ ನೋಡಿಕೊಂಡು ಬಡಿಸುವವರು ತಲೆ ಬಾಚುತ್ತಿದ್ದರು. ಹಾಗಾಗಿ ಅವನಿಗೆ ‘ಫಳಫಳ’ ಎಂದೇ ಹೆಸರು ಬಿದ್ದಿತ್ತು. ಕಪ್ಪಾದ ಬೆಳ್ಳಿ ಕಂಡರೆ ಸಾಕು, ಅವನ ಹೆಬ್ಬೆರಳು ತಾನಾಗಿಯೇ ತಿರುಗತೊಡಗುತ್ತಿತ್ತು. ಕೆಲಸ ಬಿಟ್ಟ ವರ್ಷವೇ ಹೆಂಡತಿ ತೀರಿಕೊಂಡಳು. ಇರಲು ಬೇರೆ ನೆಲೆಯಿಲ್ಲದೆ ಅಕ್ಕನ ಮನೆಗೆ ಬಂದ.

ಅಕ್ಕನದು ಹಳೆಯ ನಾಣ್ಯಗಳ ವ್ಯಾಪಾರ. ಮನೆಯ ಮುಂಗೋಣೆಯೇ ಅಂಗಡಿ. ಅಲ್ಲಿ ಒಂದು ಗಾಜಿನ ಪೆಟ್ಟಿಗೆ, ಎರಡು ಕುರ್ಚಿ, ಒಂದು ಮೇಜುದೀಪ. ಯಾರ ಹಂಗಿಗೂ ಬೀಳದೆ ಅವಳು ಕಟ್ಟಿದ್ದು. “ಇದಕ್ಕೆ ಯಾರೂ ಕೈ ಹಚ್ಚಿಲ್ಲ” ಎಂದು ಅವಳು ಅಂದರೆ ಗಿರಾಕಿಗಳು ಮರುಮಾತಾಡದೆ ಕೊಳ್ಳುತ್ತಿದ್ದರು. ಆ ಮಾತೇ ಅವಳ ಬಂಡವಾಳ.

ತಮ್ಮ ಬಂದ ದಿನವೇ ಹೇಳಿದ್ದಳು: “ಪೆಟ್ಟಿಗೆ ಮುಟ್ಬೇಡ ಕಣೋ.” ಏನಾದರೂ ಕಳೆದುಹೋದೀತೆಂದು ಹೇಳುತ್ತಾಳೆ ಅಂದುಕೊಂಡ. ಕಾರಣ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಮಾತಿನಲ್ಲಿ ಇಬ್ಬರೂ ಜಿಪುಣರು.

ಅಕ್ಕ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೋದಾಗ ಮನೆಯಲ್ಲಿ ಅವನೊಬ್ಬನೇ. ಪೆಟ್ಟಿಗೆಯ ಮುಂಸಾಲಿನಲ್ಲಿ ಹಡಗಿನ ಚಿತ್ರದ ಬೆಳ್ಳಿ ನಾಣ್ಯವೊಂದು ಮಸಿ ಮೆತ್ತಿದಂತೆ ಕುಳಿತಿತ್ತು. ಅದನ್ನು ಬಹಳ ಕಾಲದಿಂದ ಬಯಸಿದ್ದ ಮೇಷ್ಟ್ರೊಬ್ಬರು ಆ ವಾರವೇ ಒಯ್ಯಲು ಬರುವವರಿದ್ದರು. ಪಾಪ, ಕಣ್ಣು ಮಂಜಾದವಳಿಗೆ ಕೊಳೆ ಕಂಡಿಲ್ಲ ಅಂದುಕೊಂಡ ತಮ್ಮ. ಸೀಮೆಸುಣ್ಣದ ಪುಡಿ, ಮೆತ್ತನೆಯ ಬಟ್ಟೆ ತಂದು ಕೂತ. ಹಾಯಿಗಳು ಬೆಳ್ಳಗೆ ಎದ್ದು ಬಂದವು.

ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ಅಕ್ಕ ಬಾಗಿಲಲ್ಲೇ ನಿಂತಳು.

“ಗೋಡೆಗೆ ಯಾವಾಗ ಬಣ್ಣ ಹೊಡೆಸ್ದೆ?”

“ಎಲ್ಲಿ ಹೊಡೆಸ್ದೆ? ಅದು ಮೊದ್ಲಿಂದ ಹಾಗೇ ಇದೆ. ನಿನ್ನ ಶಾಲೂ ನೀಲಿ ಅಕ್ಕ, ಬೂದಿ ಬಣ್ಣ ಅಲ್ಲ.”

ಅಕ್ಕ ನಕ್ಕಳು. ಚಿಕ್ಕಂದಿನ ನಂತರ ಆ ನಗು ಅವನ ಕಿವಿಗೆ ಬಿದ್ದಿರಲಿಲ್ಲ. ಪೆಟ್ಟಿಗೆಯತ್ತ ಬಾಗಿ, “ನೋಡೋ, ಹಡಗೂ ಹೊಳೀತಿದೆ! ಇಷ್ಟು ದಿನ ಕಪ್ಪು ಅಂದ್ಕೊಂಡಿದ್ದೆ. ಎಲ್ಲಾ ಈ ಹಾಳು ಪೊರೆಯ ಆಟ” ಅಂದಳು. ತನ್ನ ಕೈಕೆಲಸವೆಂದು ಹೇಳದೆ ಅವನು ಒಳಗೊಳಗೇ ಹಿಗ್ಗಿದ.

ಮೇಷ್ಟ್ರು ಬರಬೇಕಿದ್ದ ದಿನ ಮಧ್ಯಾಹ್ನ ಒಬ್ಬ ಹೆಂಗಸು ಕೈಚೀಲದ ತುಂಬ ನಾಣ್ಯ ತಂದಳು. “ನಿಂಬೆಹಣ್ಣು ಹಾಕಿ ತೊಳ್ದಿದೀನಿ, ಹೊಸದರ ಹಾಗಿದೆ ನೋಡಿ.”

“ಅದೇ ತೊಂದ್ರೆ ತಾಯಿ” ಎಂದಳು ಅಕ್ಕ. “ಆ ಕಪ್ಪೇ ನಾಣ್ಯದ ಚರ್ಮ. ಗಾಳೀಲಿ ಕೂತೂ ಕೂತೂ ಬೆಳೆದಿದ್ದು. ಹುಳಿ ಹಾಕಿದ್ರೂ ಹೋಗುತ್ತೆ, ಉಜ್ಜಿದ್ರೂ ಹೋಗುತ್ತೆ. ಮತ್ತೆ ನಾವು ತರೋಕಾಗಲ್ಲ. ಉಜ್ಜಿದ್ದನ್ನ ಉಜ್ಜಿಲ್ಲ ಅಂತ ಮಾರೋದು ಕಳ್ಳತನ.”

ಒಳಗೆ ಬಟ್ಟೆ ಮಡಚುತ್ತಿದ್ದ ತಮ್ಮ ಅದನ್ನು ಅರ್ಧಕ್ಕೇ ಬಿಟ್ಟ. ಸುಮ್ಮನಿದ್ದರೆ ಸಂಜೆ ಅಕ್ಕ ಮೇಷ್ಟ್ರಿಗೆ ತನ್ನ ಬಾಯಿಂದಲೇ ಸುಳ್ಳು ಹೇಳುತ್ತಾಳೆ, ಅದೂ ತಿಳಿಯದೆ. ಹೇಳಿಬಿಟ್ಟರೆ ಈ ಮನೆಯಲ್ಲಿ ತನಗೆ ಜಾಗ ಉಳಿಯುತ್ತದೋ ಇಲ್ಲವೋ. ಹೆಂಗಸು ಮೆಟ್ಟಿಲಿಳಿಯುವುದನ್ನೇ ಕಾದು ಹೊರಗೆ ಬಂದ.

“ಅಕ್ಕ, ಹಡಗು ಹೊಳೀತಿರೋದು ನಿನ್ನ ಕಣ್ಣಿಂದಲ್ಲ. ನಾನು ಉಜ್ಜಿದೆ.”

ಅಕ್ಕ ಪೆಟ್ಟಿಗೆ ತೆರೆದಳು. ನಾಣ್ಯದ ಅಂಚು ಹಿಡಿದೆತ್ತಿ ದೀಪದಡಿ ಓರೆಯಾಗಿಸಿದಳು. ಹೊಸ ಕಣ್ಣಿಗೆ ಕೂದಲಿಗಿಂತ ತೆಳುವಾದ ಗೀರುಗಳು ಕಂಡವು.

“ನಿನ್ನ ಕೈಯೇ. ಸುತ್ತು ಸುತ್ತಾಗಿದೆ. ಚಿಕ್ಕವನಿದ್ದಾಗ ಸ್ಲೇಟೂ ಹೀಗೇ ಒರೆಸ್ತಿದ್ದೆ.”

“ಬೈದ್ಬಿಡಕ್ಕಾ.”

“ಬೈದ್ರೆ ಕಪ್ಪಾಗುತ್ತಾ? ಇನ್ನೆಷ್ಟು ಉಜ್ಜಿದೀಯಾ?”

“ಇದೊಂದೇ. ಪುಡಿ ಮುಗೀತು.”

“ಪುಡಿಗಾದ್ರೂ ಬುದ್ಧಿ ಇತ್ತಲ್ಲ” ಎಂದಳು. ಕಣ್ಣಿಗೆ ಹಾಕಿಕೊಳ್ಳುವ ಔಷಧದ ಸೀಸೆಯನ್ನು ಅವನ ಕೈಗಿತ್ತು ಮುಖ ಮೇಲೆತ್ತಿದಳು. ಔಷಧದ ಹೊತ್ತಾಗಿತ್ತು. ಅವನು ಹನಿ ಹಾಕಿದ. ಒಂದು ಹನಿ ಗುರಿ ತಪ್ಪಿ ಕೆನ್ನೆಗೆ ಬಿತ್ತು.

ಸಂಜೆ ಮೇಷ್ಟ್ರು ಬಂದರು. “ಇದು ಉಜ್ಜಿದ ನಾಣ್ಯ ಮೇಷ್ಟ್ರೇ. ನಿಮಗೆ ಕೊಡಲ್ಲ” ಎಂದಳು ಅಕ್ಕ.

“ಯಾರಮ್ಮಾ ಉಜ್ಜಿದ್ದು?”

ತಮ್ಮ ಹೊಸ್ತಿಲಲ್ಲೇ ತಲೆ ತಗ್ಗಿಸಿದ.

“ನಮ್ಮನೇಲಿ ಆಗಿದ್ದು” ಎಂದಳು. ಅಷ್ಟೇ. ಮೇಷ್ಟ್ರು ಪೆಚ್ಚುಮೋರೆ ಹಾಕಿಕೊಂಡು ಹೋದರು. ಮುಂದಿನ ತಿಂಗಳು ಬೇರೊಂದಕ್ಕಾಗಿ ಬಂದರು.

ಹಡಗು ಮುಂಸಾಲಿನಲ್ಲೇ ಉಳಿಯಿತು, ‘ಉಜ್ಜಿದ್ದು, ಮಾರಾಟಕ್ಕಿಲ್ಲ’ ಎಂಬ ಚೀಟಿಯೊಡನೆ. ತೊಳೆದ ನಾಣ್ಯ ತಂದವರಿಗೆಲ್ಲ ಅಕ್ಕ ಅದನ್ನು ತೋರಿಸುತ್ತಾಳೆ. “ಪ್ರೀತಿಯಿಂದಲೇ ಮಾಡಿದ್ದು. ಆದ್ರೂ ಹಾಳೇ.”

ತಮ್ಮನಿಗೆ ಗಾಜಿನ ಹೊರಮೈ ಒಪ್ಪಿಸಿದ್ದಾಳೆ. ಎಷ್ಟು ಬೇಕಾದರೂ ಉಜ್ಜಬಹುದು. ಈಗ ಗಿರಾಕಿಗಳು ಗಾಜೇ ಇಲ್ಲವೆಂದು ಕೈ ಚಾಚಿ ಬೆರಳು ಬಡಿಸಿಕೊಳ್ಳುತ್ತಾರೆ. ಆ ಗುರುತು ಒರೆಸಲು ಅವನು ಬಟ್ಟೆ ಹಿಡಿದು ಪಕ್ಕದಲ್ಲೇ ಕೂತಿರುತ್ತಾನೆ.