ನಾವು ಅಂದ್ರೆ ಯಾರ್ಯಾರು

ಸಭೆಗಳ ನಡಾವಳಿ ಬರೆಯುವುದು ಅವಳ ಕೆಲಸ. ಇಪ್ಪತ್ತೊಂಬತ್ತು ವರ್ಷಗಳಿಂದ ಪುರಭವನದ ವೇದಿಕೆಯ ಕೆಳಗೆ, ಮೈಕಿನ ಪಕ್ಕದ ಪುಟ್ಟ ಮೇಜಿನಲ್ಲಿ ಕೂತು, ಊರಿನವರು ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಹಿಡಿದಿದ್ದಾಳೆ. ಚರಂಡಿ, ಬೀದಿದೀಪ, ಜಗಳ, ಹೊಗಳಿಕೆ. ತಾನಾಗಿ ಆಡುವುದು ಒಂದೇ ಪ್ರಶ್ನೆ. ಯಾರಾದರೂ ಎದ್ದು ನಿಂತು ‘ನಾವು ಒಪ್ಪೋದಿಲ್ಲ’ ಎಂದರೆ, ‘ನಾವು ಅಂದ್ರೆ ಯಾರ್ಯಾರು?’ ಎನ್ನುತ್ತಾಳೆ. ನಡಾವಳಿಯಲ್ಲಿ ಹೆಸರು ಬೇಕು. ಈ ಪ್ರಶ್ನೆಗೆ ಎಷ್ಟೋ ದೊಡ್ಡ ‘ನಾವು’ಗಳು ನಿಂತಲ್ಲೇ ಕರಗಿ ಒಬ್ಬಂಟಿ ‘ನಾನು’ ಆಗಿವೆ. ಊರು ಅವಳನ್ನು ಯಾರ್ಯಾರಕ್ಕ ಎಂದೇ ಕರೆಯುತ್ತದೆ.

ಅವಳ ಅಣ್ಣನಿಗೆ ಊರಾಚೆಯ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟ್ ನೋಡಿಕೊಳ್ಳುವ ಕೆಲಸ. ಅಣ್ಣ, ಅತ್ತಿಗೆ, ಅವಳು ಮೂವರೂ ಒಂದೇ ಮನೆ. ಸ್ಥಾವರ ಮುಚ್ಚಿ ಗಾಳಿ, ಬಿಸಿಲಿನ ವಿದ್ಯುತ್ತಿಗೆ ಹೋಗಬೇಕೇ ಎಂದು ಊರಿನವರನ್ನು ಕೇಳುವ ಸಭೆ ಗೊತ್ತಾದಾಗಿನಿಂದ ಊಟಕ್ಕೆ ಕೂತರೆ ಚರ್ಚೆ. ಕಚೇರಿಗೆ ಬರುವ ಹವಾಮಾನದ ವರದಿಗಳನ್ನು ಆರು ವರ್ಷ ಟೈಪ್ ಮಾಡಿದವಳು ಅವಳು. ಮೊದಲು ಬೆರಳಿಗಷ್ಟೇ ಗೊತ್ತಿದ್ದ ಅಂಕಿಗಳು ನಿಧಾನವಾಗಿ ಒಳಗಿಳಿದಿದ್ದವು. ಮನುಷ್ಯ ಕಲ್ಲಿದ್ದಲು, ಎಣ್ಣೆ ಸುಡುತ್ತಿರುವುದರಿಂದಲೇ ಭೂಮಿ ಕಾಯುತ್ತಿದೆ ಎನ್ನುತ್ತಿದ್ದಳು. ಸೆಕೆ ಅಜ್ಜನ ಕಾಲದಲ್ಲೂ ಇತ್ತು ಎನ್ನುತ್ತಿದ್ದ ಅಣ್ಣ. ಗಾಳಿ ನಿಂತ ದಿನ ಏನು ಮಾಡುತ್ತೀರಿ, ಬ್ಯಾಟರಿಗಳ ಬೆಲೆ ಯಾರ ಬಿಲ್ಲಿಗೆ ಬೀಳುತ್ತದೆ ಎಂದೂ ಕೇಳುತ್ತಿದ್ದ. ಅವಳು ಫ್ಯಾನ್ ಹಾಕಿದರೆ, ‘ಹಾಕ್ಕೊ ತಾಯಿ, ನಾನು ಕಳಿಸಿದ ಕಲ್ಲಿದ್ದಲೇ ಅದು’ ಎನ್ನುತ್ತಿದ್ದ. ಇಬ್ಬರಿಗೂ ಬಡಿಸುತ್ತ ಅತ್ತಿಗೆ, ಬಾಯಿಗೊಂದು ಸ್ವಿಚ್ ಇದ್ದಿದ್ದರೆ ಎಷ್ಟು ಕರೆಂಟ್ ಉಳಿಯುತ್ತಿತ್ತು ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಸಭೆಯ ಹಿಂದಿನ ದಿನ ತಮಾಷೆ ನಿಂತಿತು. ಬೆಲ್ಟಿನವರ ಪರವಾಗಿ ಅಣ್ಣ ಮಾತಾಡುವುದೆಂದು ತೀರ್ಮಾನವಾಗಿತ್ತು. ಮನೆಮಂದಿಯೆಲ್ಲ ತನ್ನ ಜೊತೆಗಿದ್ದಾರೆ ಎಂದೂ ಅವನು ಹೇಳುವವನಿದ್ದ. ತನ್ನನ್ನು ಸೇರಿಸಬೇಡ ಎಂದಳು ಅವಳು. ಸ್ವಂತ ತಂಗಿಯೇ ಜೊತೆಗಿಲ್ಲದವನ ಮಾತು ಯಾರು ಕೇಳುತ್ತಾರೆ ಎಂದ ಅವನು. ಅರ್ಧ ಊಟದಲ್ಲೇ ಇಬ್ಬರೂ ಎದ್ದರು.

ಮರುದಿನ ಪುರಭವನ ಕಿಕ್ಕಿರಿದಿತ್ತು. ಅಣ್ಣ ಮೈಕಿನ ಮುಂದೆ ಬಂದ. ಇಸ್ತ್ರಿ ಮಾಡಿದ ಅಂಗಿ. ಉಗುರಿನ ಅಂಚಿನಲ್ಲಿ ಎಷ್ಟು ತಿಕ್ಕಿದರೂ ಹೋಗದ ಕರಿ. ಇಪ್ಪತ್ತಾರು ವರ್ಷ ಊರಿಗೆ ಬೆಳಕು ಕೊಟ್ಟ ಕೈಗಳನ್ನು ಬರಿದೇ ಮನೆಗೆ ಕಳಿಸಬೇಡಿ ಎಂದು ನಿಧಾನವಾಗಿ, ಚೆನ್ನಾಗಿ ಹೇಳಿದ. ಕೊನೆಗೆ, ‘ನಾವು ಇದಕ್ಕೆ ಒಪ್ಪಲ್ಲ’ ಎಂದ.

ಅವಳ ಪೆನ್ಸಿಲ್ ನಿಂತಿತು. ಇವತ್ತೊಂದು ದಿನ ಕೇಳದೆ ಬಿಡಬಹುದಿತ್ತು. ಬಿಟ್ಟರೆ ಆ ‘ನಾವು’ ಒಳಗೆ ತಾನೂ ಸೇರಿಹೋಗುತ್ತಿದ್ದಳು.

‘ನಾವು ಅಂದ್ರೆ ಯಾರ್ಯಾರು?’

ಸಭೆ ನಕ್ಕಿತು. ಅಣ್ಣ ನಗಲಿಲ್ಲ. ‘ನಾನು. ಬೆಲ್ಟಿನ ನಲವತ್ತು ಜನ. ನನ್ನ ಹೆಂಡತಿ.’ ಆಮೇಲೆ ಅವಳ ಮೇಜಿನತ್ತ ನೋಡಿದ. ‘ತಂಗಿ ಇಲ್ಲ. ಅವಳದು ಬೇರೆ ಮಾತು. ಅದನ್ನ ಅವಳೇ ಹೇಳ್ಲಿ.’

ಅಧ್ಯಕ್ಷರು ಅವಳತ್ತ ತಿರುಗಿದರು. ಅವಳು ಎದ್ದಳು, ಮತ್ತೆ ಕೂತಳು. ತಾನು ಮಾತಾಡಿದರೆ ಬರೆದುಕೊಳ್ಳುವವರು ಯಾರು ಎಂದಳು. ಬರೆಯದ ಮಾತು ಅಲ್ಲಿ ಆಡದ ಮಾತೇ. ‘ಕೊಡು ಇಲ್ಲಿ’ ಎಂದು ಅಣ್ಣ ಅವಳನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ತಾನು ಕೂತ.

ಅವನಿಗೆ ಶೀಘ್ರಲಿಪಿ ಬಾರದು. ಶಾಲೆ ಬಿಟ್ಟ ಮೇಲೆ ಸಹಿಗಿಂತ ಹೆಚ್ಚು ಬರೆದವನೂ ಅಲ್ಲ. ಹಾಗಾಗಿ ಅವಳು ಒಂದೊಂದು ಪದ ಆಡಿ, ಅವನ ಕೈ ನೋಡಿ, ಮುಂದಿನದನ್ನು ಆಡಿದಳು. ಸ್ಥಾವರ ಮುಚ್ಚಲೇಬೇಕು. ಆದರೆ ಅದರ ಭಾರ ಬೆಲ್ಟಿನವರ ಮನೆಗಳ ಮೇಲಷ್ಟೇ ಬೀಳಬಾರದು. ಹೊಸ ಕೆಲಸ ಕೈಗೆ ಬಂದ ಮೇಲೆಯೇ ಹಳೆಯದು ನಿಲ್ಲಲಿ, ಬಿಲ್ಲು ಹೆಚ್ಚಾದರೆ ಊರೆಲ್ಲ ಹಂಚಿಕೊಳ್ಳಲಿ. ಇಷ್ಟನ್ನು ಅಣ್ಣ ತಲೆಯೆತ್ತದೆ ಬರೆದ.

‘ಈ ಬಿಸಿಗೆ ಮನುಷ್ಯರೇ ಕಾರಣ’ ಎಂದಳು.

ಅವನು ತಲೆಯೆತ್ತಿದ. ‘ಇದನ್ನೂ ಬರೀಬೇಕಾ?’

‘ನಾನು ಹೇಳಿದ್ದು ತಾನೇ. ಬರಿ ಅಣ್ಣ.’

ಅವನು ಬರೆದ. ‘ಮನುಷ್ಯರೇ’ ಎಂಬಲ್ಲಿ ಯ ಒತ್ತು ಬಿಟ್ಟುಹೋಗಿತ್ತು. ಅಳಿಸಿ, ಮತ್ತೆ ದುಂಡಗೆ ಬರೆಯತೊಡಗಿದ. ಅಧ್ಯಕ್ಷರು ಗಡಿಯಾರ ನೋಡಿದರು. ಅವಳು ಅವಸರ ಮಾಡದೆ ಕಾದಳು.